ಇಪ್ಪತ್ತೆರಡು ರನ್ ಹೊಡೆದೂ ಸೋತ ತಂಡ: ರಿಗ್ಲಿ ಫೀಲ್ಡ್, 1979

ಎಲ್ಲರಿಗೂ ನಮಸ್ಕಾರ. ಬೇಸ್‌ಬಾಲ್‌ನಲ್ಲಿ ಒಂದು ತಂಡ ನಾಲ್ಕೈದು ರನ್ ಮಾಡಿದರೆ ಅದು ಮಾಮೂಲಿ ದಿನ. ಹತ್ತು ಮಾಡಿದರೆ ಗೆದ್ದೆವು ಎಂದುಕೊಂಡು ನಿರಾಳವಾಗಿ ಕೂರಬಹುದು. 1979ರ ಮೇ 17ರ ಮಧ್ಯಾಹ್ನ ಶಿಕಾಗೊದ ರಿಗ್ಲಿ ಫೀಲ್ಡ್‌ನಲ್ಲಿ ಶಿಕಾಗೊ ಕಬ್ಸ್ 22 ರನ್ ಮಾಡಿತು, ಸೋತಿತು. ಫಿಲಡೆಲ್ಫಿಯಾ ಫಿಲೀಸ್ 23 ಮಾಡಿತ್ತು. ಹತ್ತು ಇನ್ನಿಂಗ್ಸ್, 50 ಹಿಟ್ (ಬ್ಯಾಟರ್‌ನನ್ನು ಬೇಸ್ ತಲುಪಿಸಿದ ಹೊಡೆತ), 11 ಹೋಮ್ ರನ್ (ಗೋಡೆಯಾಚೆ ಹೋದ ಹೊಡೆತ), ನಾಲ್ಕು ಗಂಟೆ ಮೂರು ನಿಮಿಷದ ಆಟ. ಬಂದಿದ್ದ ಪ್ರೇಕ್ಷಕರು 14,952.

ಈ ಪಂದ್ಯದ ಮಾತು ಬಂದಾಗಲೆಲ್ಲ ಒಂದೇ ವಿವರಣೆ ಕೇಳಿಬರುತ್ತದೆ: ಗಾಳಿ. ಅದು ಸುಳ್ಳಲ್ಲ. ಆದರೆ ಲೆಕ್ಕ ಹಾಕಿದರೆ ಗಾಳಿಯ ಪಾಲಿಗೆ ಬರುವುದು ಒಟ್ಟು ರನ್‌ಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಾತ್ರ. ಉಳಿದರ್ಧ ಎಲ್ಲಿಂದ ಬಂತು ಎನ್ನುವುದು ಇವತ್ತಿನ ವಿಷಯ.

ಕ್ರಿಕೆಟ್ ಮಾತ್ರ ನೋಡುವವರಿಗಾಗಿ ಆಟದ ಎರಡು ಮೂರು ನಿಯಮಗಳನ್ನು ಮೊದಲೇ ಹೇಳಿಬಿಡುತ್ತೇನೆ. ಮೈದಾನದ ಬೇಸ್‌ಗಳನ್ನು, ಅಂದರೆ ನಾಲ್ಕು ನಿಲುಗಡೆಗಳನ್ನು, ಸುತ್ತಿ ಬಂದರೆ ಒಂದು ರನ್. ಒಂದು ಪಂದ್ಯಕ್ಕೆ ಒಂಬತ್ತು ಇನ್ನಿಂಗ್ಸ್. ಪ್ರತಿ ಇನ್ನಿಂಗ್ಸ್‌ನಲ್ಲಿ ಎರಡೂ ತಂಡಗಳಿಗೆ ತಲಾ ಮೂರು ಔಟ್. ಪ್ರವಾಸಿ ತಂಡ ಮೊದಲು ಬ್ಯಾಟು ಹಿಡಿಯುತ್ತದೆ. ಸ್ಕೋರು ಸಮವಾದರೆ ಹತ್ತನೇ ಇನ್ನಿಂಗ್ಸ್, ಹನ್ನೊಂದನೇ ಇನ್ನಿಂಗ್ಸ್ ಹೀಗೆ ಮುಂದುವರಿಯುತ್ತದೆ. ಓವರ್ ಎಂಬ ಮಿತಿ ಇಲ್ಲ, ಆದ್ದರಿಂದ ಮೂರನೇ ಔಟ್ ಸಿಗುವವರೆಗೆ ಪಿಚರ್ ಎಸೆಯುತ್ತಲೇ ಇರಬೇಕು. ಮುಖ್ಯವಾದದ್ದು ಇನ್ನೊಂದು: ಒಮ್ಮೆ ಹೊರಗೆ ಕರೆಸಿಕೊಂಡ ಆಟಗಾರ ಆ ಪಂದ್ಯಕ್ಕೆ ಮರಳುವಂತಿಲ್ಲ. ಹೊಡೆಸಿಕೊಂಡ ಬೌಲರನ್ನು ಹತ್ತು ಓವರ್ ಬಿಟ್ಟು ಮತ್ತೆ ಕರೆಯುವ ಸೌಕರ್ಯ ಇಲ್ಲಿ ಇಲ್ಲ. ಪಿಚರ್‌ಗಳು ತಂಡದ ಬಳಿ ಇರುವ ಉಳಿತಾಯ. ಖರ್ಚಾದದ್ದು ಖರ್ಚಾಯಿತು, ಅಷ್ಟೆ.

ಈಗ ಮೈದಾನ. ರಿಗ್ಲಿ ಫೀಲ್ಡ್ ಕಟ್ಟಿದ್ದು 1914ರಲ್ಲಿ. ಕಬ್ಸ್ ಅಲ್ಲಿಗೆ ಬಂದದ್ದು 1916ರಲ್ಲಿ. ಮಿಶಿಗನ್ ಸರೋವರ ಪೂರ್ವಕ್ಕೆ ಒಂದು ಮೈಲಿಗೂ ಕಡಿಮೆ ದೂರದಲ್ಲಿದೆ. ಬ್ಯಾಟರ್ ನಿಲ್ಲುವ ಜಾಗ ಮೈದಾನದ ನೈಋತ್ಯ ಮೂಲೆಯಲ್ಲಿದೆ, ಅವನ ಮುಖ ಈಶಾನ್ಯಕ್ಕೆ. ಸರೋವರದ ಕಡೆಯಿಂದ ಗಾಳಿ ಬಂದರೆ ಅದು ತಣ್ಣಗಿರುತ್ತದೆ, ಬ್ಯಾಟರ್‌ನ ಮುಖಕ್ಕೆ ಬೀಸುತ್ತದೆ, ಎತ್ತಿ ಹೊಡೆದ ಚೆಂಡು ಫೀಲ್ಡರ್ ಕೈಗೆ ಬಂದು ಬೀಳುತ್ತದೆ. ಅಂಥ ದಿನ ಇದೇ ಮೈದಾನದಲ್ಲಿ 2–1ರ ಪಂದ್ಯ ನಡೆಯುತ್ತದೆ. ನೈಋತ್ಯದ ಗಾಳಿಯಾದರೆ ಬ್ಯಾಟರ್‌ನ ಬೆನ್ನಿನಿಂದ ಹೊರಗೋಡೆಯತ್ತ ಬೀಸುತ್ತದೆ. ಸ್ಕೋರ್‌ಬೋರ್ಡಿನ ಮೇಲಿರುವ ಬಾವುಟಗಳನ್ನು ನೋಡಿಯೇ ಅಂದಿನ ಆಟ ಹೇಗಿರುತ್ತದೆಂದು ಅಂದಾಜು ಮಾಡುವುದು ಅಲ್ಲಿಯವರ ರೂಢಿ.

ಅಂದು ಗಾಳಿ ಹೊರಮುಖವಾಗಿತ್ತು, ವೇಗ ಗಂಟೆಗೆ ಸುಮಾರು 30 ಕಿ.ಮೀ. ಇದರ ಪರಿಣಾಮ ಎಷ್ಟು? ಗಾಳಿಯೇ ಇಲ್ಲದಿದ್ದಾಗ 400 ಅಡಿ, ಅಂದರೆ ಸುಮಾರು 122 ಮೀಟರ್ ಹಾರುವ ಚೆಂಡಿಗೆ ಹಿಂದಿನಿಂದ ಗಂಟೆಗೆ 8 ಕಿ.ಮೀ. ಗಾಳಿ ಸಿಕ್ಕರೆ ಅದು ಇನ್ನೂ 18–20 ಅಡಿ ಹೆಚ್ಚು ಹೋಗುತ್ತದೆ. ರಿಗ್ಲಿಯ ಗೋಡೆ ಎಡ ತುದಿಯಲ್ಲಿ 355 ಅಡಿ, ಬಲ ತುದಿಯಲ್ಲಿ 353, ನೇರ ಮಧ್ಯದಲ್ಲಿ 400, ಇವುಗಳ ನಡುವಿನ ಓಣಿಗಳಲ್ಲಿ 368. 330–340 ಅಡಿಗೆ ಬಿದ್ದು ಔಟಾಗಬೇಕಿದ್ದ ಮಾಮೂಲಿ ಎತ್ತಿದ ಹೊಡೆತ ಅಂಥ ಗಾಳಿಯಲ್ಲಿ ಗೋಡೆ ದಾಟುತ್ತದೆ. ಅದರ ಮೇಲೆ 1970ರಲ್ಲಿ ಗೋಡೆಯ ನೆತ್ತಿಗೆ ಒಂದು ತಂತಿಬುಟ್ಟಿ ಕಟ್ಟಿದ್ದಾರೆ. ಪ್ರೇಕ್ಷಕರು ಮೈದಾನಕ್ಕೆ ಜಿಗಿಯದಿರಲಿ ಎಂದು ಮಾಡಿದ್ದು, ಆದರೆ ಅದು ಮೈದಾನದ ಒಳಕ್ಕೆ ಚಾಚಿಕೊಂಡಿದೆ. ಚೆಂಡು ಬುಟ್ಟಿಯೊಳಗೆ ಬಿದ್ದರೂ ಹೋಮ್ ರನ್ನೇ.

ಗಾಳಿಯ ಸಹಾಯ ಎಲ್ಲ ಹೊಡೆತಕ್ಕೂ ಒಂದೇ ಅಲ್ಲ. ಸ್ಟ್ಯಾಂಡುಗಳು ಕೆಳಮಟ್ಟದ ಗಾಳಿಯನ್ನು ತಡೆಯುತ್ತವೆ, ಪೂರ್ಣ ರಭಸ ಸಿಗುವುದು ಚಾವಣಿಗಿಂತ ಮೇಲೆ. ನೆಲಕ್ಕೆ ಉರುಳುವ ಹೊಡೆತಕ್ಕೆ, ತಲೆಯೆತ್ತರದಲ್ಲಿ ನೇರ ಸಾಗುವ ಹೊಡೆತಕ್ಕೆ ಅದರಿಂದ ಹೆಚ್ಚೇನೂ ಆಗದು. ಹಾಗಾಗಿ ಇಂಥ ದಿನ ಪಿಚರ್‌ಗೆ ಸಿಗುವ ಸಲಹೆ ಒಂದೇ: ಚೆಂಡು ಕೆಳಗಿಡು, ನೆಲಕ್ಕೆ ಹೊಡೆಸು. ಹೇಳುವುದು ಸುಲಭ. ಮೊಣಕಾಲ ಮಟ್ಟಕ್ಕೆ ಗುರಿಯಿಟ್ಟ ಚೆಂಡು ಎರಡಂಗುಲ ಕೆಳಗೆ ಹೋದರೆ ಅದು ಬಾಲ್, ಅಂದರೆ ಗುರಿ ತಪ್ಪಿದ ಎಸೆತ. ಹಾಗೆ ಎರಡು ಬಾಲ್ ಆದರೆ ಮೂರನೆಯದನ್ನು ನಡುವಿನಲ್ಲಿ ಎಸೆಯಲೇಬೇಕು, ಇಲ್ಲದಿದ್ದರೆ ನಾಲ್ಕು ಬಾಲ್‌ಗೆ ಬ್ಯಾಟರ್ ಪುಕ್ಕಟೆ ಮೊದಲ ಬೇಸಿಗೆ ನಡೆದುಹೋಗುತ್ತಾನೆ, ಇದೇ ವಾಕ್. ಗಾಳಿಗೆ ಹೆದರಿ ಅಂಚಿಗೆ ಎಸೆದವನು ಬೇಸುಗಳನ್ನು ತುಂಬಿಕೊಳ್ಳುತ್ತಾನೆ. ಆಮೇಲೆ ನಡುವಿಗೆ ಎಸೆದ ಒಂದೇ ಚೆಂಡಿಗೆ ಒಂದು ರನ್ನಿನ ಬದಲು ಮೂರು ನಾಲ್ಕು ರನ್ ಕೊಡುತ್ತಾನೆ.

ಮೊದಲ ಇನ್ನಿಂಗ್ಸ್ ಅನ್ನೇ ನೋಡಿ. ಕಬ್ಸ್ ಪರ ಆರಂಭಿಸಿದ್ದು ಡೆನಿಸ್ ಲ್ಯಾಂಪ್, ನೆಲಕ್ಕೆ ಹೊಡೆಸುವುದರಲ್ಲೇ ಪಳಗಿದ ಪಿಚರ್. ಕಾಗದದ ಮೇಲೆ ಅಂದಿನ ಗಾಳಿಗೆ ತಕ್ಕವನು. ಫಿಲೀಸ್‌ನ ಮೈಕ್ ಶ್ಮಿಟ್ ಮೂರು ರನ್ನಿನ ಹೋಮ್ ರನ್ ಹೊಡೆದ, ಅಂದರೆ ಬೇಸಿನಲ್ಲಿದ್ದ ಇಬ್ಬರೂ ಅವನ ಜೊತೆ ಮನೆ ಸೇರಿದರು. ಕ್ಯಾಚರ್ ಬಾಬ್ ಬೂನ್ ಇನ್ನೊಂದು ಮೂರು ರನ್ನಿನದು. ಅವನ ಹಿಂದೆಯೇ ಫಿಲೀಸ್‌ನ ಆರಂಭಿಕ ಪಿಚರ್ ರ‍್ಯಾಂಡಿ ಲರ್ಚ್ ಕೂಡ ಒಂದು ಹೊಡೆದ. ತಾನಿನ್ನೂ ಒಂದು ಚೆಂಡು ಎಸೆಯುವ ಮೊದಲೇ! ಈ ಎರಡೂ ತಂಡಗಳಿರುವ ನ್ಯಾಷನಲ್ ಲೀಗ್‌ನಲ್ಲಿ ಆಗ ಪಿಚರ್‌ಗಳೂ ಬ್ಯಾಟು ಹಿಡಿಯಬೇಕಿತ್ತು. ಲರ್ಚ್‌ಗೆ ಇದು ಹೊಸದೂ ಅಲ್ಲ. ಹಿಂದಿನ ವರ್ಷದ ಸೆಪ್ಟೆಂಬರ್ 30ರಂದು ಫಿಲೀಸ್ ತನ್ನ ವಿಭಾಗದ ಪಟ್ಟ ಖಚಿತ ಮಾಡಿಕೊಂಡ ಪಂದ್ಯದಲ್ಲಿ ಅವನು ಎರಡು ಹೋಮ್ ರನ್ ಹೊಡೆದಿದ್ದ.

7–0. ಆದರೆ ಲರ್ಚ್‌ನ ಸಂತೋಷ ಹೆಚ್ಚು ಹೊತ್ತು ಉಳಿಯಲಿಲ್ಲ. ಕಬ್ಸ್‌ನ ಡೇವ್ ಕಿಂಗ್‌ಮನ್, ಆರೂವರೆ ಅಡಿ ಎತ್ತರದ ಆಳು, ಚೆಂಡನ್ನು ಆಕಾಶಕ್ಕೇ ಎತ್ತುವವನು, ಮೂರು ರನ್ನಿನ ಹೋಮ್ ರನ್ ಬಾರಿಸಿದ. ಲ್ಯಾಂಪ್ ಬದಲು ಬಂದಿದ್ದ ಪಿಚರ್ ಡಾನಿ ಮೂರ್ ಟ್ರಿಪಲ್, ಅಂದರೆ ಮೂರನೇ ಬೇಸ್ ತಲುಪಿಸುವ ಹೊಡೆತ, ಹೊಡೆದ. 7–6. ಇಬ್ಬರು ಆರಂಭಿಕ ಪಿಚರ್‌ಗಳೂ ತಲಾ ಒಂದೇ ಒಂದು ಔಟ್ ಪಡೆದು ಮನೆಗೆ. ಪಿಚರ್‌ನ ಸರಾಸರಿಯನ್ನು ಒಂಬತ್ತು ಇನ್ನಿಂಗ್ಸ್‌ಗೆ ಎಷ್ಟು ರನ್ ಎಂದು ಲೆಕ್ಕ ಹಾಕುತ್ತಾರೆ. ಒಂದು ಔಟ್ ಎಂದರೆ ಮೂರನೇ ಒಂದು ಇನ್ನಿಂಗ್ಸ್. ಅಷ್ಟರಲ್ಲಿ ಆರು ರನ್ ಕೊಟ್ಟರೆ ಆ ದಿನದ ಸರಾಸರಿ 162. ಮೂರಕ್ಕೆ ಬಂದರೆ ಒಳ್ಳೆಯದು ಎನ್ನುವ ಲೆಕ್ಕ ಅದು.

ಮುಂದಿನದನ್ನು ಬೇಗ ಹೇಳುತ್ತೇನೆ. ಎರಡನೇ ಇನ್ನಿಂಗ್ಸ್‌ನಲ್ಲಿ ಯಾರೂ ರನ್ ಮಾಡಲಿಲ್ಲ. ಗಾಳಿ ಮಾತ್ರವೇ ಕಾರಣವಾಗಿದ್ದರೆ ಈ ಎರಡು ಸೊನ್ನೆಗಳು ಎಲ್ಲಿಂದ ಬಂದವು? ಮೂರನೆಯದರಲ್ಲಿ ಫಿಲೀಸ್ ಎಂಟು ರನ್ ಮಾಡಿತು, ಅದರಲ್ಲಿ ಗ್ಯಾರಿ ಮ್ಯಾಡಕ್ಸ್‌ನ ಮೂರು ರನ್ನಿನ ಹೋಮ್ ರನ್ ಒಂದು. 15–6. ನಾಲ್ಕರಲ್ಲಿ ಫಿಲೀಸ್‌ಗೆ ಎರಡು. ಕಬ್ಸ್‌ಗೆ ಕಿಂಗ್‌ಮನ್‌ನ ಎರಡನೇ ಹೋಮ್ ರನ್, ಸ್ಟೀವ್ ಆಂಟಿವೆರೋಸ್‌ನದೊಂದು ಸೇರಿ ಮೂರು. 17–9. ಐದರಲ್ಲಿ ಫಿಲೀಸ್ ಇನ್ನೂ ನಾಲ್ಕು ಸೇರಿಸಿತು, 21–9.

ಹನ್ನೆರಡು ರನ್ನಿನ ಮುನ್ನಡೆ. ಫಿಲೀಸ್ ಮ್ಯಾನೇಜರ್ ಡ್ಯಾನಿ ಓಜಾರ್ಕ್ ಇಲ್ಲಿ ಮಾಡಿದ ಆಯ್ಕೆಯೇ ನನ್ನ ಮಟ್ಟಿಗೆ ಪಂದ್ಯದ ತಿರುವು. ಲರ್ಚ್ ಬದಲು ಬಂದಿದ್ದ ಡಗ್ ಬರ್ಡ್ ನಾಲ್ಕನೆಯದರ ಕೊನೆಯವರೆಗೆ ಎಳೆದಿದ್ದ. ಐದಕ್ಕೆ ಬಂದದ್ದು ಟಗ್ ಮೆಗ್ರಾ. ಪಂದ್ಯದ ಕೊನೆಗೆ, ಒಂದೆರಡು ರನ್ನಿನ ಅಂತರ ಕಾಯಬೇಕಾದಾಗ ತಂಡ ನೆಚ್ಚಿಕೊಳ್ಳುತ್ತಿದ್ದ ಇಬ್ಬರಲ್ಲಿ ಒಬ್ಬ. ಇನ್ನೊಬ್ಬ ರಾನ್ ರೀಡ್. ಹನ್ನೆರಡು ರನ್ ಮುಂದಿರುವಾಗ, ಇನ್ನೂ ಐದು ಇನ್ನಿಂಗ್ಸ್ ಬಾಕಿ ಇರುವಾಗ, ಅಂಥವನನ್ನು ಇಳಿಸಿದರೆ ಅವನು ಚೆನ್ನಾಗಿ ಎಸೆದರೂ ಲಾಭ ಅಷ್ಟಕ್ಕಷ್ಟೆ, ಕೆಟ್ಟರೆ ಕೊನೆಗೆ ಬೇಕಾದವನು ಖರ್ಚಾದ. ಕೆಟ್ಟಿತು. ಬೇಸ್‌ಗಳು ತುಂಬಿದವು. ಬಿಲ್ ಬಕ್ನರ್ ಗ್ರ್ಯಾಂಡ್ ಸ್ಲಾಮ್ ಹೊಡೆದ. ಮೂರು ಬೇಸಿನಲ್ಲೂ ಆಳಿರುವಾಗ ಹೊಡೆದ ಹೋಮ್ ರನ್, ಒಂದೇ ಪೆಟ್ಟಿಗೆ ನಾಲ್ಕು. ಜೆರ‍್ರಿ ಮಾರ್ಟಿನ್ ಇನ್ನೊಂದು ಹೋಮ್ ರನ್ ಸೇರಿಸಿದ. ಮೆಗ್ರಾ ಎರಡು ಔಟ್ ಪಡೆದು ಏಳು ರನ್ ಕೊಟ್ಟು ಹೊರನಡೆದ. 21–16. ಈಗ ರೀಡ್‌ನನ್ನೂ ಕರೆಯದೆ ಗತ್ಯಂತರವಿರಲಿಲ್ಲ. ಅಲ್ಲಿಗೆ ಕೊನೆಯ ಹೊತ್ತಿನ ಇಬ್ಬರೂ ಐದನೇ ಇನ್ನಿಂಗ್ಸ್ ಮುಗಿಯುವ ಮುನ್ನವೇ ಖಾತೆಯಿಂದ ಹೊರಗೆ.

ಓಜಾರ್ಕ್ ಪರವಾಗಿಯೂ ಒಂದು ಮಾತು ಹೇಳಬೇಕು. ವರ್ಷಕ್ಕೆ 162 ಪಂದ್ಯ, ಹೆಚ್ಚುಕಡಿಮೆ ದಿನಕ್ಕೊಂದು. ಆಗ ತಂಡದಲ್ಲಿ ಒಟ್ಟು ಇರುತ್ತಿದ್ದ ಪಿಚರ್‌ಗಳು ಹತ್ತರ ಆಸುಪಾಸು. ಅವರಲ್ಲಿ ನಾಲ್ಕೈದು ಮಂದಿ ಮುಂದಿನ ದಿನಗಳ ಆರಂಭಿಕರು, ಅವರನ್ನು ಮುಟ್ಟುವಂತಿಲ್ಲ. ಆರಂಭಿಕ ಒಂದೇ ಔಟ್‌ಗೆ ಹೋಗಿಬಿಟ್ಟರೆ 26 ಔಟ್‌ಗಳನ್ನು ನಾಲ್ಕೈದು ಜನರಲ್ಲಿ ಹಂಚಬೇಕು. ಆ ಕಡೆ ಕಬ್ಸ್ ಮ್ಯಾನೇಜರ್ ಹರ್ಮನ್ ಫ್ರ್ಯಾಂಕ್ಸ್ ಕೂಡ ಇದೇ ಇಕ್ಕಟ್ಟಿನಲ್ಲಿದ್ದರು. ಲ್ಯಾಂಪ್, ಮೂರ್, ವಿಲ್ಲಿ ಹೆರ್ನಾಂಡೆಸ್, ಬಿಲ್ ಕಾಡಿಲ್, ರೇ ಬರಿಸ್ ಎಲ್ಲರೂ ಬಂದು ಹೋದರು. ಆದರೆ ಫ್ರ್ಯಾಂಕ್ಸ್ ಒಬ್ಬನನ್ನು ಮುಟ್ಟದೆ ಇಟ್ಟುಕೊಂಡಿದ್ದರು.

ಆರರಲ್ಲಿ ಕಿಂಗ್‌ಮನ್ ಮೂರನೇ ಹೋಮ್ ರನ್ ಹೊಡೆದ, ಕಬ್ಸ್ ಮೂರು ರನ್ ಮಾಡಿತು, 21–19. ಏಳರಲ್ಲಿ ಫಿಲೀಸ್‌ಗೆ ಒಂದು. ಎಂಟರಲ್ಲಿ ಸುಸ್ತಾಗಿದ್ದ ರೀಡ್ ಮೇಲೆ ಕಬ್ಸ್ ಮತ್ತೆ ಮೂರು ರನ್ ಮಾಡಿತು. ಈ ಮೂರರಲ್ಲಿ ಒಂದೂ ಹೋಮ್ ರನ್ ಇಲ್ಲ, ಎಲ್ಲ ಬಿಡಿ ಹೊಡೆತಗಳು. 22–22.

ಒಂಬತ್ತಕ್ಕೆ ಕಬ್ಸ್ ಆ ಉಳಿಸಿಟ್ಟವನನ್ನು ಇಳಿಸಿತು: ಬ್ರೂಸ್ ಸಟರ್. ಬೆರಳುಗಳನ್ನು ಅಗಲಿಸಿ ಚೆಂಡು ಹಿಡಿದು ಎಸೆಯುತ್ತಿದ್ದ ಅವನ ಸ್ಪ್ಲಿಟ್-ಫಿಂಗರ್ ಬ್ಯಾಟಿನ ಹತ್ತಿರ ಬಂದು ದಿಢೀರನೆ ಕೆಳಗೆ ಬೀಳುತ್ತಿತ್ತು. ಬ್ಯಾಟರ್ ಅದರ ಮೇಲ್ಭಾಗಕ್ಕೆ ಹೊಡೆಯುವುದರಿಂದ ಚೆಂಡು ನೆಲಕ್ಕೆ ಉರುಳುತ್ತದೆ, ಹಾಗಾಗಿ ಅಂದಿನ ಗಾಳಿಗೆ ಇದಕ್ಕಿಂತ ತಕ್ಕ ಆಯುಧ ಲೀಗ್‌ನಲ್ಲೇ ಇರಲಿಲ್ಲ. ಅದೇ ವರ್ಷ ಅವನಿಗೆ ಲೀಗ್‌ನ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಬಂತು. ಫಿಲೀಸ್ ಕಡೆ ಉಳಿದಿದ್ದವನು ರಾಲಿ ಈಸ್ಟ್‌ವಿಕ್, ಕೆಲ ವರ್ಷ ಹಿಂದೆ ಸಿನ್ಸಿನಾಟಿಯಲ್ಲಿ ಹೆಸರು ಮಾಡಿ ಆಮೇಲೆ ಮಂಕಾಗಿದ್ದವನು. ಆದದ್ದು ತಲೆಕೆಳಗು. ಈಸ್ಟ್‌ವಿಕ್ ಎದುರಿಸಿದ್ದು ಆರು ಬ್ಯಾಟರ್‌ಗಳನ್ನು, ಆರೂ ಔಟ್. ಹತ್ತನೆಯದರಲ್ಲಿ ಎರಡು ಔಟ್ ಆದ ಮೇಲೆ ಶ್ಮಿಟ್ ಸಟರ್‌ನ ಚೆಂಡನ್ನು ಎತ್ತಿ ಗೋಡೆಯಾಚೆ ಹಾಕಿದ. 23–22. ಈಸ್ಟ್‌ವಿಕ್‌ಗೆ ಗೆಲುವು, ಸಟರ್‌ಗೆ ಸೋಲು.

ಈಗ ಅರ್ಧ ಎಂದೆನಲ್ಲ, ಆ ಲೆಕ್ಕ. ಫಿಲೀಸ್‌ನ ಐದು ಹೋಮ್ ರನ್‌ಗಳಿಂದ ಬಂದದ್ದು 11 ರನ್: ಶ್ಮಿಟ್ ಮೂರು ಮತ್ತು ಒಂದು, ಬೂನ್ ಮೂರು, ಮ್ಯಾಡಕ್ಸ್ ಮೂರು, ಲರ್ಚ್ ಒಂದು. ಉಳಿದ 12 ರನ್ ಗೋಡೆ ದಾಟದ ಹೊಡೆತ ಮತ್ತು ವಾಕ್‌ಗಳ ಮೂಲಕ ಬಂದವು. ಕಬ್ಸ್ ಕಡೆಯ ಆರು ಹೋಮ್ ರನ್‌ಗಳ ಪಾಲೂ ಹೆಚ್ಚುಕಡಿಮೆ ಅಷ್ಟೇ. ಕಿಂಗ್‌ಮನ್‌ನ ಮೂರರಿಂದ ಆರು, ಬಕ್ನರ್‌ನ ಒಂದರಿಂದ ನಾಲ್ಕು, ಉಳಿದೆರಡು ಸಣ್ಣವು. ಇನ್ನು ಈ ಹನ್ನೊಂದರಲ್ಲಿ ಕಿಂಗ್‌ಮನ್, ಶ್ಮಿಟ್‌ರ ಐದನ್ನು ಪೂರ್ತಿ ಗಾಳಿಯ ಖಾತೆಗೆ ಬರೆಯುವುದು ಅನ್ಯಾಯ. ಆ ವರ್ಷ ನ್ಯಾಷನಲ್ ಲೀಗ್‌ನ ಹೋಮ್ ರನ್ ಪಟ್ಟಿಯಲ್ಲಿ 48 ಹೊಡೆದ ಕಿಂಗ್‌ಮನ್ ಮೊದಲು, 45 ಹೊಡೆದ ಶ್ಮಿಟ್ ಎರಡನೆಯವನು.

ಗಾಳಿಯನ್ನೇ ನಂಬುವವರಿಗೆ ತೋರಿಸಬೇಕಾದ ಇನ್ನೊಂದು ಪಂದ್ಯ ಇದೆ. ಅದೇ ಮೈದಾನ, ಅವೇ ಎರಡು ತಂಡಗಳು, 1922ರ ಆಗಸ್ಟ್ 25. ಕಬ್ಸ್ 26, ಫಿಲೀಸ್ 23. ಒಟ್ಟು 49 ರನ್, ಮೇಜರ್ ಲೀಗ್‌ನ ದಾಖಲೆ, ಇವತ್ತಿಗೂ ಮುರಿದಿಲ್ಲ. ಆ ದಿನ ಹೋಮ್ ರನ್ ಎಷ್ಟು? ಮೂರೇ ಮೂರು. ಹ್ಯಾಕ್ ಮಿಲ್ಲರ್ ಎರಡು, ಬಾಬ್ ಒ’ಫ್ಯಾರೆಲ್ ಒಂದು. ಹಿಟ್‌ಗಳು 51, ಫೀಲ್ಡಿಂಗ್ ತಪ್ಪುಗಳು ಒಂಬತ್ತು. ಎರಡನೇ ಇನ್ನಿಂಗ್ಸ್‌ನಲ್ಲಿ ಹತ್ತು, ನಾಲ್ಕನೆಯದರಲ್ಲಿ ಹದಿನಾಲ್ಕು ರನ್ ಮಾಡಿ ಕಬ್ಸ್ 25–6 ಮುಂದಿತ್ತು. ಆ ನಾಲ್ಕನೇ ಇನ್ನಿಂಗ್ಸ್ ಒಂದರಲ್ಲೇ ಮಾರ್ಟಿ ಕ್ಯಾಲಹನ್ ಮೂರು ಸಲ ಬ್ಯಾಟಿಗೆ ಬಂದ. ಫಿಲೀಸ್ ಇಡೀ ಪಂದ್ಯಕ್ಕೆ ಇಬ್ಬರೇ ಪಿಚರ್‌ಗಳನ್ನು ಬಳಸಿತು. ಜಿಮ್ಮಿ ರಿಂಗ್ ಹದಿನಾರು ರನ್ ಕೊಟ್ಟ ಮೇಲೆ ಲೆಫ್ಟಿ ವೈನರ್ಟ್ ಬಂದ. ಸೋತ ಪಂದ್ಯಕ್ಕೆ ಇನ್ನೊಬ್ಬನನ್ನು ಯಾಕೆ ದಣಿಸಬೇಕು ಎನ್ನುವುದು ಆ ಕಾಲದ ಧೋರಣೆ. ಆದರೆ ಪಂದ್ಯ ಸೋತಿರಲಿಲ್ಲ. ಎಂಟರಲ್ಲಿ ಫಿಲೀಸ್ ಎಂಟು, ಒಂಬತ್ತರಲ್ಲಿ ಆರು ರನ್ ಮಾಡಿತು. ಟೈನಿ ಆಸ್ಬೋರ್ನ್ ಕೊನೆಯ ಬ್ಯಾಟರ್‌ನನ್ನು ಔಟ್ ಮಾಡಿದಾಗ ಮೂರೂ ಬೇಸ್ ತುಂಬಿದ್ದವು.

ಸ್ಕೋರುಗಳು ಅಕ್ಕತಂಗಿಯರಂತೆ ಕಾಣುತ್ತವೆ, ಆದರೆ ಒಳಗಿನ ಯಂತ್ರವೇ ಬೇರೆ. 1922ರಲ್ಲಿ ಬಿಡಿ ಹೊಡೆತ, ಕೈಬಿಟ್ಟ ಚೆಂಡು, ಬದಲಾಯಿಸದ ಪಿಚರ್. 1979ರಲ್ಲಿ ಗಾಳಿ, ಎತ್ತಿದ ಹೊಡೆತ, ಸಾಲುಸಾಲಾಗಿ ಬದಲಾದ ಪಿಚರ್‌ಗಳು. ಒಂದರಲ್ಲಿ ಪಿಚರ್‌ನನ್ನು ತೆಗೆಯದ್ದು ಮುಳುವಾಯಿತು, ಇನ್ನೊಂದರಲ್ಲಿ ಕೊನೆಗೆ ಬೇಕಾದವರನ್ನು ಬೇಗ ಇಳಿಸಿದ್ದು ಮುನ್ನಡೆಯನ್ನು ಕರಗಿಸಿತು. ನಮ್ಮ ಚಿನ್ನಸ್ವಾಮಿಯಲ್ಲಿ 2024ರ ಏಪ್ರಿಲ್ 15ರಂದು ಹೈದರಾಬಾದ್ 287, ಬೆಂಗಳೂರು 262 ಹೊಡೆದಾಗಲೂ ಸಣ್ಣ ಬೌಂಡರಿ, ಎತ್ತರದ ಊರಿನ ತೆಳುಗಾಳಿ ಎಂದು ಒಂದೇ ಉಸಿರಿಗೆ ತೀರ್ಪು ಕೊಟ್ಟರು. ಅಲ್ಲೂ ಯಾವ ಬೌಲರ್ ಯಾವ ಓವರಿಗೆ ಬಂದ ಎಂದು ಕಾಗದ ಹಿಡಿದು ನೋಡುವುದು ಒಳ್ಳೆಯದು.

ಕಾಗದ ಎಂದಾಗ ನೆನಪಾಯಿತು, ಇಂಥ ಪಂದ್ಯದಲ್ಲಿ ಸ್ಕೋರ್ ಬರೆಯುವವರ ಪಾಡು. ಹಾಳೆಯಲ್ಲಿ ಒಂಬತ್ತು ಬ್ಯಾಟರ್‌ಗಳಿಗೆ ಒಂಬತ್ತು ಅಡ್ಡಸಾಲು, ಇನ್ನಿಂಗ್ಸ್‌ಗೊಂದು ಕಂಬಸಾಲು. ಏಳು ರನ್ ಬರಬೇಕಾದರೆ, ಮೂರು ಔಟ್ ಸೇರಿ, ಕನಿಷ್ಠ ಹತ್ತು ಮಂದಿ ಬ್ಯಾಟಿಗೆ ಬಂದಿರಲೇಬೇಕು. ಹತ್ತನೆಯವನು ಎಂದರೆ ಮತ್ತೆ ಮೊದಲನೆಯವನು, ಅವನ ಚೌಕ ಆಗಲೇ ಭರ್ತಿ. ಹಾಗಾಗಿ ಎರಡನೇ ಇನ್ನಿಂಗ್ಸ್‌ನ ಕಂಬಸಾಲಿಗೆ ನುಗ್ಗಿ, ಮೇಲಿನ ತಲೆಬರಹ ಹೊಡೆದು ‘1’ ಎಂದು ತಿದ್ದಬೇಕು. ಮೂರನೆಯದರಲ್ಲಿ ಎಂಟು ರನ್, ಕನಿಷ್ಠ ಹನ್ನೊಂದು ಮಂದಿ, ಮತ್ತೆ ಅದೇ ಕತೆ. ಕೊನೆಗೆ ಹಾಳೆ ಸರಿಯಿದೆಯೇ ಎಂದು ತಾಳೆ ನೋಡಲು ಒಂದು ಸೂತ್ರ ಇದೆ. ಬ್ಯಾಟಿಗೆ ಬಂದವರ ಒಟ್ಟು ಸಂಖ್ಯೆ, ರನ್, ಔಟ್, ಬೇಸಿನ ಮೇಲೆ ಉಳಿದುಹೋದವರು ಈ ಮೂರರ ಮೊತ್ತಕ್ಕೆ ಸಮವಾಗಬೇಕು. ಅಂದು ಎರಡೂ ತಂಡಗಳಿಗೆ ತಲಾ 30 ಔಟ್. ಅಂದರೆ ಬೇಸಿನ ಮೇಲೆ ಉಳಿದವರನ್ನು ಬಿಟ್ಟರೂ ಫಿಲೀಸ್‌ಗೆ 53, ಕಬ್ಸ್‌ಗೆ 52. ಒಂದು ವಾಕ್ ಬರೆಯಲು ಮರೆತಿದ್ದರೆ ಈ ತಾಳೆಯಲ್ಲಿ ಸಿಕ್ಕಿಬೀಳುತ್ತದೆ, ಆದರೆ ಯಾವ ಇನ್ನಿಂಗ್ಸ್‌ನಲ್ಲಿ ಎಂದು ಹುಡುಕಲು ಇಡೀ ಹಾಳೆ ಜಾಲಾಡಬೇಕು.

ಇವತ್ತಿನ ನಿಯಮಗಳಲ್ಲಿ ಇದೇ ಪಂದ್ಯ ಹೇಗಿರುತ್ತಿತ್ತು ಎಂದು ಕೇಳುವವರಿದ್ದಾರೆ. 2022ರಿಂದ ನ್ಯಾಷನಲ್ ಲೀಗ್‌ನಲ್ಲೂ ಪಿಚರ್ ಬದಲು ಬೇರೊಬ್ಬ ಬ್ಯಾಟು ಮಾಡುತ್ತಾನೆ, ಆದ್ದರಿಂದ ಲರ್ಚ್‌ನ ಹೋಮ್ ರನ್ನೂ ಇಲ್ಲ, ಮೂರ್‌ನ ಟ್ರಿಪಲ್ಲೂ ಇಲ್ಲ. ತಂಡದಲ್ಲಿ 13 ಪಿಚರ್‌ಗಳಿಗೆ ಅವಕಾಶವಿದೆ, ಓಜಾರ್ಕ್‌ಗೆ ಇನ್ನೂ ಮೂವರು ಸಿಗುತ್ತಿದ್ದರು. ಎಂಟು ಅಥವಾ ಹೆಚ್ಚು ರನ್ ಹಿಂದಿರುವ ತಂಡ ಪಿಚರ್ ಅಲ್ಲದವನ ಕೈಗೂ ಚೆಂಡು ಕೊಡಬಹುದು, 21–9ರಲ್ಲಿ ಕಬ್ಸ್ ಇವತ್ತಾದರೆ ಅದನ್ನೇ ಯೋಚಿಸುತ್ತಿತ್ತೇನೋ. ಹಾಗೆ ಮಾಡಿದ್ದರೆ ಆ ಸ್ಕೋರು 22–22ಕ್ಕೆ ಬರುತ್ತಿರಲಿಲ್ಲ. ಹತ್ತನೇ ಇನ್ನಿಂಗ್ಸ್ ಈಗ ಎರಡನೇ ಬೇಸಿನಲ್ಲಿ ಒಬ್ಬನನ್ನು ನಿಲ್ಲಿಸಿಕೊಂಡೇ ಶುರುವಾಗುತ್ತದೆ. ಆ ಓಟಗಾರ ಅಲ್ಲಿದ್ದು ಮೊದಲ ಬೇಸ್ ಖಾಲಿ ಇದ್ದಿದ್ದರೆ, ಎರಡು ಔಟ್ ಆದಾಗ ಫ್ರ್ಯಾಂಕ್ಸ್ ಶ್ಮಿಟ್‌ಗೆ ಎಸೆಯಲು ಬಿಡುತ್ತಲೇ ಇರಲಿಲ್ಲ. ಬೇಕೆಂದೇ ವಾಕ್ ಕೊಟ್ಟು ಮುಂದಿನವನನ್ನು ಎದುರಿಸಲು ಸಟರ್‌ಗೆ ಹೇಳುತ್ತಿದ್ದರು.